ಮಲ್ಲಿಗೆ ಮಲಗುವ ಕಪಾಟು

ಯಮನೂರಿನ ಅಮೀರಬಿ ನಲವತ್ತು ವರ್ಷ ಮಲ್ಲಿಗೆ ಕಟ್ಟಿದವಳು, ಆದರೆ ಒಂದು ದಿನವೂ ಮಲ್ಲಿಗೆಗೆ ಮೂಗು ಹಚ್ಚಿದವಳಲ್ಲ. ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಪ್ರತಿ ಗುರುವಾರ ದರ್ಗಾದಲ್ಲಿ ಅಜ್ಜಾರ ಗೋರಿಗೆ ಏರುವ ಹೂವಿನ ಚಾದರ ಅವಳ ಮನೆಯದು. ಅತ್ತೆ ಫಾತಿಮಾಬಿ ಕಟ್ಟಿದ್ದಳು, ಆ ಅತ್ತೆಯ ಅತ್ತೆ ಕಟ್ಟಿದ್ದಳು, ಅದಕ್ಕೂ ಹಿಂದಿನದನ್ನು ಹೇಳುವವರು ಈಗ ಯಾರೂ ಇಲ್ಲ. “ಅಜ್ಜಾರಿಗೆ ಏರಸೂ ಹೂವು ನಾವು ಮೊದಲ ಮೂಸಿದ್ರ ಎಂಜಲಾ ಬಡಿಸಿದಂಗಬೇ” ಎಂದು ಫಾತಿಮಾಬಿ, ಸೊಸೆ ಮದುವೆಯಾಗಿ ಬಂದ ಮೂರನೆಯ ದಿನವೇ ಹೇಳಿದ್ದಳು. ಹೂವಿನ ಬುಟ್ಟಿ ಬಿಚ್ಚುವ ಮೊದಲು ಸೆರಗನ್ನು ಮೂಗಿನ ಮೇಲೆ ಎಳೆದು ಕಿವಿಯ ಹಿಂದೆ ಸಿಕ್ಕಿಸಬೇಕು, ಬಾಯಿಯಿಂದ ಉಸಿರಾಡಬೇಕು, ಒಂದು ಮೊಗ್ಗನ್ನೂ ಮುಡಿಯಬಾರದು. ಏರಿಸಿ ಇಳಿಸಿದ ಹೂವು ತಬರ್ರುಕ್ ಎಂದು, ಪ್ರಸಾದದಂತೆ, ಕೈಗೆ ಬರುತ್ತಿತ್ತು, ಖರೆ. ಆದರೆ ಅಷ್ಟರಲ್ಲಿ ಅದು ಬಾಡಿ, ಲೋಬಾನದ ಹೊಗೆ ಕುಡಿದು, ಮಲ್ಲಿಗೆ ಎನ್ನುವುದಕ್ಕೆ ಹೆಸರಷ್ಟೇ ಉಳಿದಿರುತ್ತಿತ್ತು.

ಈಗ ಎರಡು ವರ್ಷದಿಂದ ಅಮೀರಬಿಯ ಬೆರಳುಗಳು ಹೇಳಿದ ಮಾತು ಕೇಳುತ್ತಿರಲಿಲ್ಲ. ಗೆಣ್ಣುಗಳು ಅರಿಶಿನದ ಕೊಂಬಿನಂತೆ ಬಾತಿದ್ದವು. ಒಂದು ಚಾದರಕ್ಕೆ ನಲವತ್ತು ಮೊಳ ಹೂವು ಬೇಕು. ಬಾಜು ಮನೆಯ ರೇಣುಕವ್ವ ತನ್ನ ಹೊಲದ ಮೊಗ್ಗನ್ನು ಗುರುವಾರ ಬೆಳಿಗ್ಗೆ ತಂದು ಸುರಿದರೆ, ಮೊದಲೆಲ್ಲ ಮಧ್ಯಾಹ್ನದ ಊಟದ ಹೊತ್ತಿಗೆ ಅಷ್ಟೂ ಕಟ್ಟಿ ಮುಗಿಯುತ್ತಿತ್ತು. ಈಗ ಚಾದರ ಏರಬೇಕಾದ ಹೊತ್ತಾಗಿ, ಇಳಿಹೊತ್ತಿನ ಅಸರ್ ನಮಾಜಿನ ಕೂಗು ಕೇಳಿಸಿದರೂ ಅರ್ಧ ಬುಟ್ಟಿ ಹಾಗೇ ಇರುತ್ತಿತ್ತು. ಮೂರು ಗುರುವಾರ ಚಾದರ ತಡವಾಯಿತು. ದರ್ಗಾದ ಸೇವೆ ನೋಡಿಕೊಳ್ಳುವ ಇಮಾಮುದ್ದೀನ ಚಾಚಾ ಸಿಟ್ಟಿನ ಮನುಷ್ಯನಲ್ಲ. ಬಾಗಿಲಲ್ಲಿ ನಿಂತು ಮೆತ್ತಗೆ, “ಮಗಳ, ನಿನಗ ತ್ರಾಸ ಆಗತೈತಿ. ಮುಂದಿನ ವಾರ ನೋಡೂಣು. ಆಗಲಿಲ್ಲಂದ್ರ ಹುಬ್ಬಳ್ಳಿಯಿಂದ ತಯಾರ ಚಾದರ ತರಸೂಣು” ಎಂದ. ಬೈದಿದ್ದರೆ ಅಮೀರಬಿ ತಡೆದುಕೊಳ್ಳುತ್ತಿದ್ದಳು. ಆ ಮೆತ್ತಗಿನ ಮಾತು ಕೇಳಿದಾಗಿನಿಂದ ಅವಳಿಗೆ ತುತ್ತು ಇಳಿಯಲಿಲ್ಲ.

ಹುಬ್ಬಳ್ಳಿಯ ತಯಾರ ಚಾದರವೆಂದರೆ ಜರಿ ಕಾಗದ, ಪ್ಲಾಸ್ಟಿಕ್ ಗುಲಾಬಿ, ನಡುನಡುವೆ ನಾಲ್ಕು ಜೀವಂತ ಹೂವು. ಅದು ಒಂದು ಸಲ ಒಳಗೆ ಬಂತೆಂದರೆ ಇವಳ ಮನೆಯ ಚಾದರ ಮತ್ತೆ ಏರುವುದುಂಟೇ? ಬೇರೆ ಯಾರದಾದರೂ ಕೈ ಹಚ್ಚಿಸಿಕೊಳ್ಳಬಹುದಿತ್ತಲ್ಲ ಎನ್ನುತ್ತೀರಿ. ಹಚ್ಚಿಸಿಕೊಂಡಿದ್ದರೆ ಅವಳು ಅಮೀರಬಿಯೇ ಅಲ್ಲ ಬಿಡಿ.

ಮಂಗಳವಾರವೇ ಕಟ್ಟಲು ಕೂತರೆ, ಎರಡು ದಿನ ನಿಧಾನಕ್ಕೆ ಕೈ ಆಡಿಸಿದರೆ, ಎಲ್ಲ ಮುಗಿಯುತ್ತದೆ. ಆದರೆ ಮೊಗ್ಗು ಕಾಯಬೇಕಲ್ಲ? ಒದ್ದೆ ಬಟ್ಟೆ ಸುತ್ತಿ ಮಣ್ಣಿನ ಗಡಿಗೆಯಲ್ಲಿಟ್ಟರೆ ಸಂಜೆಗೆ ಅರಳಿ, ಮರುದಿನಕ್ಕೆ ಉದುರುತ್ತಿತ್ತು. ಹೋದ ಬೇಸಿಗೆಯಲ್ಲಿ ಮನೆಯ ಫ್ರಿಜ್ಜಿನಲ್ಲಿಟ್ಟು ನೋಡಿದ್ದಳು. ಬೆಳಿಗ್ಗೆ ತೆಗೆದರೆ ಚಹಾ ಚೆಲ್ಲಿದಂತೆ ಎಲ್ಲ ಕಂದು ಹಿಡಿದಿತ್ತು.

ಇಂಥ ಹೊತ್ತಿನಲ್ಲಿ ಅವಳ ಗಂಡ ಮಲಿಕಸಾಬ ಆ ಮಾತು ತೆಗೆದ.

ಮಲಿಕಸಾಬ ಹುಬ್ಬಳ್ಳಿಯ ಒಂದು ದೊಡ್ಡ ಹೋಟೆಲಿನಲ್ಲಿ ಮೂವತ್ತು ವರ್ಷ ದುಡಿದು ಮನೆಗೆ ಬಂದವನು. ಊರವರು ಚಹಾ, ಉಪ್ಪಿಟ್ಟು ಎಂದುಕೊಂಡಿದ್ದರು. ಅವನೂ ಹಾಗೇ ಎಂದುಕೊಳ್ಳಲಿ ಎಂದು ಬಿಟ್ಟಿದ್ದ. ಅವನು ಇದ್ದದ್ದು ಅಲ್ಲಿನ ಬಾರಿನಲ್ಲಿ. ಬಿಳಿ ಬಟ್ಟೆಯಲ್ಲಿ ಬಾಟಲಿ ಹಿಡಿದು, ಬಗ್ಗಿ, ದೊಡ್ಡವರ ಗ್ಲಾಸಿಗೆ ವೈನು ಸುರಿಯುವ ಕೆಲಸ. ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಜನ ನಂಬುವುದಿಲ್ಲವಂತೆ. ಈ ಮನುಷ್ಯ ಮೂವತ್ತು ವರ್ಷ ಆ ಮರದ ಬುಡದಲ್ಲೇ ಕೂತು ಮಜ್ಜಿಗೆಯನ್ನೇ ಕುಡಿದವನು, ನಾಲಿಗೆಗೆ ಒಂದು ಹನಿ ಸೋಕಿಸಿದವನಲ್ಲ. ಅದು ಗೊತ್ತಿದ್ದದ್ದು ಅಮೀರಬಿಗೆ ಮಾತ್ರ.

“ಹೋಟೆಲ್ ಒಡದು ಕಟ್ಟಾಕತ್ತಾರ,” ಎಂದ ಅವನು. “ನನ್ನ ಕಪಾಟ ಮೂಲ್ಯಾಗ ಕುಂತೈತಂತ. ಮಾಲಕರು ಫೋನ್ ಮಾಡಿದ್ರು. ಒಯ್ದು ನೋಡು ಮಲಿಕಸಾಬ, ಬೇಕಂದ್ರ ಇಟಗೋ, ಹಳೇ ಸಾಮಾನಿನ ರೇಟಿಗೆ ಕೊಡತೀನಿ, ಬ್ಯಾಡಂದ್ರ ಶುಕ್ರವಾರ ತಿರುಗಿ ಕಳಸು ಅಂದ್ರು.”

“ಯಾವ ಕಪಾಟ್ರಿ?”

“ವೈನ್ ಕೂಲರ್.”

“ತೋಬಾ ತೋಬಾ! ದಾರೂ ಇಡೂ ಕಪಾಟ ನಮ್ಮ ಮನಿಯಾಗ? ಅಜ್ಜಾರ ಹೂವು ಅದರಾಗ?”

“ಕಪಾಟಿಗೇನ ಗೊತ್ತು ಅಮೀರಾ, ಒಳಗ ಏನಿಟ್ಟಾರಂತ? ಅದಕ್ಕ ಗೊತ್ತಿರೂದು ಹನ್ನೆರಡು ಡಿಗ್ರಿ, ಅಷ್ಟಽ. ಫ್ರಿಜ್ಜಿನಂಗ ಕೊರಿಯೂದಿಲ್ಲ. ಮಳಿ ಬಂದು ಹೋದ ಮರುದಿನ ಮುಂಜಾನಿ ಹೆಂಗಿರತೈತಿ, ಹಂಗ. ಬಾಟಲಿ ಅದರಾಗ ನಿಂದ್ರೂದಿಲ್ಲ, ಮಲಗತಾವು. ಬಿಸಲಿಲ್ಲ, ಗದ್ದಲಿಲ್ಲ. ವರ್ಷಗಟ್ಟಲೆ ಮಲಗತಾವು. ಎದ್ದಾಗ ಮಲಗಿದಾಗಿಗಿಂತ ಚಲೋ ಇರತಾವು.”

ಅಮೀರಬಿ ಮತ್ತೊಂದು ಸಲ ತೋಬಾ ಎಂದು ಒಳಗೆ ಹೋದಳು. ಆದರೆ ಆ ಕೊನೆಯ ಮಾತು ಅವಳ ಬೆನ್ನು ಹತ್ತಿತು. ರೊಟ್ಟಿ ಬಡಿಯುವಾಗಲೂ, ಎಮ್ಮೆಗೆ ನೀರು ಕುಡಿಸುವಾಗಲೂ ಅವಳ ಕಣ್ಣೆದುರು ಮೊಗ್ಗುಗಳು ಸಾಲಾಗಿ ಮಲಗಿರುತ್ತಿದ್ದವು. ನಿದ್ದೆಯಲ್ಲಿ ಅವು ಉಸಿರಾಡುತ್ತಿವೆಯೋ ಏನೋ ಎಂದು ಅವಳು ಕೈಯಲ್ಲಿನ ಕೆಲಸ ನಿಲ್ಲಿಸಿ ಕಿವಿ ಕೊಡುತ್ತಿದ್ದಳು.

ಮರುದಿನ ಮಧ್ಯಾಹ್ನ ಬಿಸಿಲಿಗೆ ಊರೇ ಸುಮ್ಮನಾಗಿತ್ತು. ಪಡಸಾಲೆಯಲ್ಲಿ ಹಾಗೇ ಒರಗಿದವಳಿಗೆ ಜೊಂಪು ಹತ್ತಿತು. ಕನಸಿನಲ್ಲಿ ಹಿತ್ತಲ ಗೋಡೆಯಷ್ಟು ದೊಡ್ಡ ಗಾಜಿನ ಕಪಾಟು. ಒಳಗೆ ನೀಲಿ ಬೆಳಕು, ಬೆಣ್ಣೆಹಳ್ಳದ ಮೇಲೆ ಬೆಳಗಾಗುವ ಮೊದಲು ಇರುವಂಥದ್ದು. ಅದರೊಳಗೆ ಅತ್ತೆ ಫಾತಿಮಾಬಿ ಕಾಲು ಚಾಚಿ ಕೂತು ಹೂವು ಕಟ್ಟುತ್ತಿದ್ದಳು. ಬೆರಳುಗಳು ಸರಸರ ಓಡುತ್ತಿದ್ದವು, ಮಾಲೆ ಅವಳ ಮಡಿಲಿನಿಂದ ಇಳಿದು, ಹಲಗೆ ಇಳಿದು, ಎಲ್ಲಿಗೋ ಹರಿದು ಹೋಗುತ್ತಿತ್ತು. ಅಮೀರಬಿ ಬಾಗಿಲು ತೆರೆದು, “ಅತ್ತಿ, ಇದರಾಗ ಕುಂತೀರಲ್ರಿ! ಇದು ಎಂಥಾ ಕಪಾಟ ಗೊತ್ತೇನ್ರಿ?” ಎಂದಳು. ಫಾತಿಮಾಬಿ ತಲೆ ಎತ್ತಲಿಲ್ಲ. “ಮೊದಲ ಬಾಗಲಾ ಹಾಕಬೇ,” ಎಂದಳು, “ಸೆಕಿ ಒಳಗ ಬರಾಕತ್ತೇತಿ.”

ಎದ್ದವಳು ಮುಖ ತೊಳೆದುಕೊಂಡು ಗಂಡನಿಗೆ, “ತರ್ರಿ. ನೋಡೂಣು,” ಎಂದಳು.

ಸೋಮವಾರ ಅದು ಟೆಂಪೋದಲ್ಲಿ ಬಂತು. ಊರವರಿಗೆ ಸಣ್ಣ ಫ್ರಿಜ್ಜು ಎಂದರು, ಸುಳ್ಳೇನೂ ಅಲ್ಲ. ಮಲಿಕಸಾಬ ಅದನ್ನು ಸೀಗೆಕಾಯಿ ನೀರಿನಲ್ಲಿ ಏಳು ಸಲ ತೊಳೆದ. ಕಟ್ಟಿಗೆಯ ಹಲಗೆಗಳನ್ನು ಬಿಚ್ಚಿ ಬಿಸಿಲಿಗೆ ಹಾಕಿದ. ಮಗುವಿಗೆ ಎರೆಯುವಷ್ಟು ಅಕ್ಕರೆಯಿಂದ ಅವನು ಗಾಜು ಒರೆಸುವುದನ್ನು ಅಮೀರಬಿ ಬಾಗಿಲಿಗೆ ಒರಗಿ ನೋಡಿದಳು. ಮೂವತ್ತು ವರ್ಷ ಈ ಮನುಷ್ಯ ಎಲ್ಲಿದ್ದ, ಹೇಗಿದ್ದ ಎಂದು ತಾನು ಒಂದು ದಿನವೂ ಸರಿಯಾಗಿ ಕೇಳಿರಲಿಲ್ಲವಲ್ಲ ಎಂದು ಅವಳಿಗೆ ಆಗ ಅನ್ನಿಸಿತು, ಸ್ವಲ್ಪ ನೋವೂ ಆಯಿತು. ಸ್ವಿಚ್ಚು ಹಾಕಿದೊಡನೆ ಕಪಾಟು ಗುಂಯ್ ಎಂದಿತು. ಒಳಗೆ ಬೆಳಕು ಬಂತು. ನೀಲಿಯೇ.

ಮಂಗಳವಾರ, ಬುಧವಾರ ರೇಣುಕವ್ವ ತಂದುಕೊಟ್ಟ ಮೊಗ್ಗನ್ನು ಅಮೀರಬಿ ನಿಧಾನಕ್ಕೆ ಕಟ್ಟಿದಳು. ಬೆರಳು ನೊಂದಾಗ ನಿಲ್ಲಿಸಿ ಹಿತ್ತಲು ನೋಡುತ್ತ ಕೂತಳು, ಮತ್ತೆ ಕಟ್ಟಿದಳು. ಕಟ್ಟಿದ ಮಾಲೆಗಳನ್ನು ಬಾಳೆ ಎಲೆಯ ಮೇಲೆ ಸುತ್ತಿ ಹಲಗೆಗಳ ಮೇಲೆ ಮಲಗಿಸಿದಳು. ಬುಧವಾರ ಸಂಜೆಗೆ ನಲವತ್ತು ಮೊಳವೂ ಮುಗಿಯಿತು. ಆಮೇಲೆ ಇನ್ನೊಂದು ಮೊಳ ಕಟ್ಟಿ ಕೆಳಗಿನ ಹಲಗೆಯಲ್ಲಿ ಬೇರೆಯೇ ಇಟ್ಟಳು. ದಾರೂ ವಾಸನೆ ಹೂವಿಗೆ ಹತ್ತಿದೆಯೋ ಇಲ್ಲವೋ ಎಂದು ತಿಳಿಯುವುದಕ್ಕೆ ಮೂಸಲೇಬೇಕು, ಮೂಸಿದ್ದು ಅಜ್ಜಾರಿಗೆ ನಡೆಯುವುದಿಲ್ಲ. ಅದಕ್ಕೇ ಆ ಒಂದು ಮೊಳ ಪರೀಕ್ಷೆಯದು.

“ನಾ ಮೂಸತೀನಿ,” ಎಂದ ಮಲಿಕಸಾಬ.

“ಬ್ಯಾಡ್ರಿ. ಚಾದರ ನನ್ನದು. ತಪ್ಪಾದ್ರ ನನ್ನ ತಲಿ ಮ್ಯಾಲಿರಲಿ.”

ಗುರುವಾರ ಬೆಳಿಗ್ಗೆ ಬಿಸಿಲು ಅಂಗಳಕ್ಕೆ ಇಳಿದ ಮೇಲೆ ಅವಳು ಕಪಾಟಿನ ಎದುರು ಕೂತಳು. ಬಾಗಿಲು ತೆರೆದಳು. ಮೊಗ್ಗುಗಳು ಹಾಗೇ ಇದ್ದವು, ಬಿಗಿಯಾಗಿ, ಬೆಳ್ಳಗೆ, ಈಗಷ್ಟೇ ಕಿತ್ತಂತೆ. ಕೆಳಗಿನ ಹಲಗೆಯ ಮಾಲೆಯನ್ನು ಅಂಗೈಯಲ್ಲಿ ಹಿಡಿದಳು. ಅಂಗೈಯ ಬಿಸಿಗೆ ಮೊಗ್ಗುಗಳು ಒಂದೊಂದಾಗಿ ಬಾಯಿ ಬಿಡುವವರೆಗೆ ಕಾದಳು. ಆಮೇಲೆ ಸೆರಗು ಇಳಿಸಿ, ಬಿಸ್ಮಿಲ್ಲಾ ಎಂದು, ಮುಖವನ್ನೇ ಹೂವಿನೊಳಗೆ ಹುದುಗಿಸಿ ಉಸಿರು ಎಳೆದಳು.

ತಲೆ ಗಿರ್ರೆಂದಿತು. ಸಿಹಿ, ದಪ್ಪ, ಗಂಟಲಿಗೆ ಇಳಿದು ಎದೆಯೊಳಗೆ ಕೈ ಹಾಕುವಂಥ ವಾಸನೆ. ಕಣ್ಣು ತಾನೇ ಮುಚ್ಚಿಕೊಂಡಿತು. ಇನ್ನೊಮ್ಮೆ ಎಳೆದುಕೋ ಎಂದು ಮೂಗು ಕೇಳಿತು, ಎಳೆದುಕೊಂಡಳು. ಆಗಲೇ ಅವಳಿಗೆ ಹೆದರಿಕೆ ಹತ್ತಿದ್ದು. ಕುಡಿದವರು ಹೇಳುವುದು ಇದನ್ನೇ ಅಲ್ಲವೇ, ಒಂದು ಸಲ ಎಂದರೆ ಇನ್ನೊಂದು ಸಲ ಬೇಕೆನ್ನಿಸುತ್ತದೆ ಎಂದು?

“ಹೋತ್ರಿ,” ಎಂದಳು. “ಎಲ್ಲಾ ಹೋತು. ನಶಾ ಹತ್ತೇತಿ ಹೂವಿಗೆ. ನಲವತ್ತ ಮೊಳಕ್ಕೂ ಹತ್ತೇತಿ.”

ಮಲಿಕಸಾಬ ಮಾಲೆಯನ್ನು ತೆಗೆದುಕೊಂಡು ಮೂಸಿದ. “ಇದು ಮಲ್ಲಿಗಿ, ಅಮೀರಾ.”

“ನಿಮ್ಮ ಮೂಗು ಮೂವತ್ತು ವರ್ಷ ಅದರಾಗಽ ಅದ್ದೇತಿ. ನಿಮಗ ಹೆಂಗ ತಿಳೀಬೇಕು?”

ಅವನಿಗೆ ಆ ಮಾತು ಚುಚ್ಚಿತು. ಬಗ್ಗಿ ಗೋಡೆಯ ಬಳಿ ಕೂತು, ಕಪಾಟಿನ ವೈರು ಕೀಳಲು ಕೈ ಹಾಕಿದ. ಅಮೀರಬಿ ಗೋಡೆಗೆ ತಲೆ ಆನಿಸಿದಳು. ಅಸರ್ ನಮಾಜಿನ ಹೊತ್ತಿಗೆ ಹುಬ್ಬಳ್ಳಿಯ ಜರಿ ಕಾಗದ ದರ್ಗಾದೊಳಗೆ ಮಿರಮಿರ ಹೊಳೆಯುವುದು ಅವಳಿಗೆ ಈಗಲೇ ಕಾಣುತ್ತಿತ್ತು.

“ಅಮೀರಕ್ಕಾ, ಹೆಂಗಾದುವಬೇ ನನ್ನ ಮೊಗ್ಗಿ?” ಎನ್ನುತ್ತ ರೇಣುಕವ್ವ ಒಳಗೆ ಬಂದವಳು ಇಬ್ಬರ ಮುಖ ನೋಡಿ ನಿಂತಳು. ವಿಷಯ ಕೇಳಿ ಮಾಲೆ ಎತ್ತಿಕೊಂಡಳು. ಒಂದು ಸಲ ಮೂಸಿದಳು. ಎರಡನೆಯ ಸಲ ಮೂಸಿ ಅಮೀರಬಿಯ ಮುಖ ನೋಡಿದಳು. ಆಮೇಲೆ ನೆಲಕ್ಕೆ ಕೂತುಬಿಟ್ಟಳು, ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು.

“ಅಯ್ಯ ನಮ್ಮವ್ವ! ಅಕ್ಕಾ, ಇದಽ ಮಲ್ಲಿಗಿ! ಮಲ್ಲಿಗಿ ಅಂದ್ರ ಹಿಂಗಽ ಇರತೈತಿ! ನಶಾ ಹತ್ತದಽ ಇರತೈತೇನು? ನಶಾ ಹತ್ತಲಿ ಅಂತಽ ಮುಡೀತಾರಬೇ ಇದನ್ನ! ನಮ್ಮ ಮನಿಯವರು ಲಗ್ನಾದ ಹೊಸದಾಗ ಇದರ ವಾಸನಿಗೆ ಹೊಲಕ್ಕ ಹೋಗೂದಽ ಮರೀತಿದ್ರು!”

ಮಲಿಕಸಾಬ ವೈರು ಹಿಡಿದುಕೊಂಡೇ ತಲೆ ತಗ್ಗಿಸಿ ನಕ್ಕ. ಅಮೀರಬಿ ನಗಲಿಲ್ಲ. ಮಾಲೆಯನ್ನು ರೇಣುಕವ್ವನ ಕೈಯಿಂದ ತೆಗೆದುಕೊಂಡು ಮತ್ತೆ ಮೂಗಿಗೆ ಹಿಡಿದಳು. ಈ ಸಲ ಹೆದರಲಿಲ್ಲ. ಮೂಸುತ್ತ ಮೂಸುತ್ತ ಅವಳ ಕಣ್ಣಿನಿಂದ ನೀರು ಇಳಿಯಿತು.

“ಇಂಥಾದ್ದು ನನ್ನ ಕೈಯಾಗ ಇತ್ತೇನ, ರೇಣವ್ವಾ? ನಲವತ್ತು ವರ್ಷ?”

ರೇಣುಕವ್ವನ ನಗು ನಿಂತಿತು. ಎದ್ದು ಬಂದು ಅಮೀರಬಿಯ ಹಿಂದೆ ಕೂತಳು. ಬೆಳ್ಳಗಾದ ಹೆರಳನ್ನು ಕೈಯಿಂದಲೇ ಸವರಿ ಸರಿಮಾಡಿ, ಆ ಒಂದು ಮೊಳವನ್ನು ಮುಡಿಸಿದಳು. “ಮೂಸಿದ್ದು ಅಜ್ಜಾರಿಗಂತೂ ನಡಿಯೂದಿಲ್ಲ,” ಎಂದಳು. “ನಿನಗ ನಡೀತೈತಿ. ಸುಮ್ನ ಕುಂದರು.”

ಅಸರ್‌ಗೆ ಇನ್ನೂ ಹೊತ್ತಿರುವಾಗಲೇ ಚಾದರ ಸಿದ್ಧವಾಗಿ ದರ್ಗಾದ ಬಾಗಿಲು ಮುಟ್ಟಿತು. ಇಮಾಮುದ್ದೀನ ಚಾಚಾ ಕೈ ಚಾಚಿದ. ಅಮೀರಬಿ ಕೊಡಲಿಲ್ಲ. ಗಂಡನ ಮುಖ ನೋಡಿದಳು, ಅವನು ಹೇಳು ಎಂಬಂತೆ ಕತ್ತು ಆಡಿಸಿದ. ಮೂವತ್ತು ವರ್ಷ ಊರಿಗೆ ಮುಚ್ಚಿಟ್ಟಿದ್ದನ್ನು ಅವನು ಅಷ್ಟರಲ್ಲೇ ಬಿಟ್ಟುಕೊಟ್ಟ.

“ಚಾಚಾ, ಮುಚ್ಚಿಟ್ಟು ಕೊಡಾಂಗಿಲ್ಲ ನಾನು. ಈ ಹೂವು ಎರಡ ದಿನ ದಾರೂ ಕಪಾಟಿನ್ಯಾಗ ಮಲಗಿದ್ವು. ಇವರು ಬಾರಿನ್ಯಾಗ ಇದ್ದಾಗಿನ ಕಪಾಟ ಅದು. ತೊಳದೇವಿ. ಆದ್ರೂ ಹೇಳಬೇಕಲ್ರಿ.”

ಮುದುಕ ತನ್ನ ಚಾಚಿದ ಕೈಗಳನ್ನೇ ತಿರುಗಿಸಿ ನೋಡಿಕೊಂಡ.

“ಈ ಕೈನೂ ಹರೇದಾಗ ಏನೇನೋ ಹಿಡದಾವು, ಮಗಳ,” ಎಂದ. “ತಾ ಇಲ್ಲೆ.”

ಚಾದರ ಏರಿತು. ಬಂದವರಲ್ಲಿ ಒಬ್ಬ ಹೆಂಗಸು ಇವತ್ತಿನ ಹೂವು ಎಷ್ಟು ತಾಜಾ ಐತಿ ನೋಡು ಎಂದು ಪಕ್ಕದವಳಿಗೆ ಹೇಳಿದ್ದು ಅಮೀರಬಿಯ ಕಿವಿಗೆ ಬಿತ್ತು. ಅವಳು ಸೆರಗನ್ನು ತಲೆಯ ಮೇಲೆ ಇನ್ನಷ್ಟು ಎಳೆದುಕೊಂಡಳು. ಸೆರಗಿನ ಒಳಗೆ, ಕತ್ತಿನ ಹಿಂದೆ, ಆ ಒಂದು ಮೊಳ ಈಗ ಪೂರ್ತಿ ಅರಳಿತ್ತು.

ಮನೆಗೆ ಮರಳುವ ದಾರಿಯಲ್ಲಿ ಗಂಡ ಹೆಂಡತಿ ಬೆಣ್ಣೆಹಳ್ಳದ ದಂಡೆ ಹಿಡಿದು ನಿಧಾನ ನಡೆದರು. ಗಾಳಿ ಹಿಂದಿನಿಂದ ಬೀಸಿದಾಗಲೆಲ್ಲ ಅಮೀರಬಿಯ ಹೆಜ್ಜೆ ತಡೆಯುತ್ತಿತ್ತು. ನಾಳೆ ಶುಕ್ರವಾರ. ಮಲಿಕಸಾಬ ಬಹಳ ಹೊತ್ತು ಕೇಳಲೋ ಬೇಡವೋ ಎಂದು ನೋಡಿ, ಕೊನೆಗೆ ಕೇಳಿದ.

“ಮಾಲಕರಿಗೆ ಏನಂತ ಹೇಳಲಿ? ಇಟಗೊಳ್ಳೂಣೋ, ತಿರುಗಿ ಕಳಸೂಣೋ?”

ಅಮೀರಬಿ ಉಸಿರನ್ನು ಮೂಗಿನಿಂದಲೇ, ತುಂಬ ನಿಧಾನವಾಗಿ ಒಳಗೆ ಎಳೆದುಕೊಂಡಳು.

“ಇಟಗೊಳ್ಳೂಣ್ರಿ,” ಎಂದಳು. “ಮ್ಯಾಲಿನ ಹಲಗಿ ಎಲ್ಲಾ ಅಜ್ಜಾರಿಗೆ. ಕೆಳಗಿನ ಹಲಗಿಯಾಗ ವಾರಕ್ಕೊಂದು ಮೊಳ ನನಗ.”