ಶುಂಠಿ ಕೇಕು ಗೆದ್ದ ನಾಟಕ

ನಮ್ಮ ಸಂತೆ ಚೌಕದಲ್ಲಿ ಕಲ್ಲಾಗಿ ನಿಂತಿರುವ ನಾಟಕಕಾರ ಸ್ವೇಲ್ ಸತ್ತು ನಾನೂರು ವರ್ಷವಾಯಿತು. ಪಾರಿವಾಳಗಳು ಇಂದಿಗೂ ಅವನ ಬೋಳುತಲೆಗೆ ಸುಣ್ಣ ಬಳಿಯುತ್ತವೆ. ನಮ್ಮ ನಾಟಕ ಸಂಘ ವರ್ಷಕ್ಕೊಮ್ಮೆ ಅವನದೊಂದು ನಾಟಕ ಆಡಿ ಅವನನ್ನು ಮತ್ತೆ ಸಾಯಿಸುತ್ತದೆ.

ಯಾವ ನಾಟಕ ಆಡಬೇಕೆಂದು ನಮ್ಮಲ್ಲಿ ಕೈಯೆತ್ತಿ ಆರಿಸುವುದಿಲ್ಲ, ಕೇಕು ತಿಂದು ಆರಿಸುತ್ತೇವೆ. ಮೆಚ್ಚಿನ ನಾಟಕದ ಹೆಸರಿನಲ್ಲಿ ಕೇಕು ಮಾಡಿ ಚರ್ಚಿನ ಹಾಲಿಗೆ ತರಬೇಕು. ಒಬ್ಬರಿಗೆ ಒಂದೇ ತುಂಡು. ಯಾವ ತಟ್ಟೆ ಮೊದಲು ಖಾಲಿಯೋ ಆ ನಾಟಕ.

ನನಗೆ ಬೇಕಿದ್ದದ್ದು 'ಮೂರನೇ ಮದುವೆ'. ಅದರಲ್ಲಿ ಒಬ್ಬಳು ಮುದುಕಿ ಇಬ್ಬರು ಗಂಡಂದಿರನ್ನು ಮಣ್ಣು ಮಾಡಿ ಬಂದು ಮೂರನೆಯವನ ಕಿವಿ ಹಿಂಡುತ್ತಾಳೆ. ನನ್ನ ಗಂಡ ಹೆರಾಲ್ಡ್ ಜನ್ಮದಲ್ಲಿ ನಕ್ಕಿದ್ದು ಎರಡೇ ಸಲ. ಒಮ್ಮೆ ಆ ಮುದುಕಿಯನ್ನು ನೋಡಿ, ಇನ್ನೊಮ್ಮೆ ಅವನಮ್ಮ ಹಂದಿಗೂಡಿಗೆ ಜಾರಿ ಬಿದ್ದಾಗ. ಸಾಯುವ ಮೊದಲು ಆ ವೇಷ ಹಾಕಬೇಕೆಂದು ನನಗೆ ಆಸೆ. ಸಂಘಕ್ಕೆ ನಾನು ಕಾಸಿಕೊಟ್ಟ ಚಹಾದಲ್ಲಿ ಹಡಗು ತೇಲಿಸಬಹುದು. ಆದರೆ ವೇದಿಕೆ ಹತ್ತಿದ್ದು ಕಸ ಗುಡಿಸುವುದಕ್ಕೆ ಮಾತ್ರ.

ಅಧ್ಯಕ್ಷ ಡೆರಿಕ್ ಯಾವುದೋ ರಾಜನ ದುರಂತಕ್ಕೆಂದು ಕೇಕು ತಂದಿದ್ದ. ಅದಕ್ಕೆ ಚಾಕು ಹಾಕಿದರೆ ಚಾಕುವೇ ಅಳುತ್ತಿತ್ತು.

"ಇದನ್ನ ತಿಂದು ಯಾರಪ್ಪ ಸಾಯೋದು, ರಾಜಾನಾ, ನಾವಾ?" ಅಂದೆ.

"ಮೇವಿಸಕ್ಕ, ನಿಮ್ ಬಾಯಿಗೊಂದು ಬೀಗ ಹಾಕ್ಬೇಕು."

"ಆ ಬೀಗ ಹುಡುಕ್ತಾ ಹುಡುಕ್ತಾನೇ ನಮ್ಮ ಹೆರಾಲ್ಡ್ ಮಣ್ಣಾದ ಕಣೋ."

ನನ್ನ ಶುಂಠಿ ಕೇಕಿನ ತಟ್ಟೆ ಕಣ್ಣು ಮಿಟುಕಿಸುವುದರೊಳಗೆ ಬರಿದಾಯಿತು. ಹಾಲಿಗೆ ಹಾಲೇ ಚಪ್ಪಾಳೆ ಹೊಡೆಯಿತು. ನಾನೂ ಊರುಗೋಲಿನಿಂದ ನೆಲ ಕುಟ್ಟಿದೆ. ಪಕ್ಕದಲ್ಲಿದ್ದ ಖಜಾಂಚಿ ಬಾಯಿ ತುಂಬಿಕೊಂಡೇ ಕೇಳಿದ: "ಅಂದಹಾಗೆ, ನಾವು ತಿಂದಿದ್ದು ಯಾವ ನಾಟಕ?"

ಡೆರಿಕ್ ಎದ್ದು ನಿಂತ. "ಮುದುಕಿ ಪಾತ್ರ ನಮ್ಮ ನಾಯಕಿ ಲೊರೇನ್‌ಗೆ."

"ಅವಳಿಗಿನ್ನೂ ನಲವತ್ತೈದು ಕಣೋ!"

"ಮುಖಕ್ಕೆ ನಾಕು ಸುಕ್ಕು ಬರೆದ್ರಾಯ್ತು."

"ನನ್ ಹತ್ರ ರೆಡಿ ಇದಾವಲ್ಲ? ಬಣ್ಣಾನೂ ಉಳಿಯತ್ತೆ."

ಎಲ್ಲರೂ ನಕ್ಕರು. ನಾನು ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡರು. ಬದುಕಿಡೀ ತಮಾಷೆ ಮಾಡಿದವಳಿಗೆ ಇದೇ ಶಿಕ್ಷೆ.

"ನಿಜವಾಗ್ಲೂ ಕೇಳ್ತಿದೀನಿ, ಡೆರಿಕ್."

ಅವನ ಮುಖ ಸಪ್ಪಗಾಯಿತು. "ಎಂಬತ್ತು ದಾಟಿದೋರು ವೇದಿಕೆ ಹತ್ತಿದ್ರೆ ವಿಮೆಯೋರು ಒಪ್ಪಲ್ಲ, ಮೇವಿಸಕ್ಕ. ಬಿದ್ಗಿದ್ರೆ?"

"ಹೋದ ವಾರ ಪೊರಕೆ ಹಿಡ್ಕೊಂಡು ಹತ್ತಿದ್ನಲ್ಲ, ಆವಾಗ ಒಪ್ಪಿದ್ರಾ?"

ಅವನು ಕೋಟಿನ ಮೇಲೆ ಬಿದ್ದಿದ್ದ ನನ್ನ ಕೇಕಿನ ಪುಡಿ ಕೊಡವಿಕೊಂಡ. "ವಿರಾಮದಲ್ಲಿ ಹಂಚೋಕೆ ಇದೇ ಕೇಕ್ ಮಾಡ್ಕೊಡಿ. ನಿಮ್ಮಷ್ಟು ಚೆನ್ನಾಗಿ ಯಾರ್ ಮಾಡ್ತಾರೆ?"

ಮಾರನೆಯ ದಿನ ಲೊರೇನ್ ಮನೆಗೇ ಬಂದಳು. ಕೈಯಲ್ಲಿ ಹೂಗೊಂಚಲು, ಮುಖದಲ್ಲಿ ಸಕ್ಕರೆ.

"ಆಂಟೀ, ನೀವು ನಡಿಯೋದನ್ನ ಸ್ವಲ್ಪ ನೋಡ್ಲಾ? ಆ ಕುಂಟು, ಆ ಬೆನ್ನು... ಥೇಟ್ ಹಾಗೇ ಬೇಕು ನಂಗೆ."

"ಓಹೋ, ಅದಕ್ಕೇನಂತೆ! ಕೂತ್ಕೋ."

ಊರುಗೋಲನ್ನು ಬಾಗಿಲ ಹಿಂದೆ ಇಟ್ಟೆ. ಬೆನ್ನನ್ನು ನೆಟ್ಟಗೆ ಮಾಡಿದೆ. ಒಲೆಯಿಂದ ಕಿಟಕಿಗೆ, ಕಿಟಕಿಯಿಂದ ಒಲೆಗೆ, ಮದುವೆ ದಿನ ಹೆರಾಲ್ಡ್‌ನ ತೋಳು ಹಿಡಿದು ನಡೆದ ಹಾಗೆ ನಡೆದೆ. ಮಂಡಿಯೊಳಗೆ ಯಾರೋ ಕಾದ ಮೊಳೆ ಹೊಡೆಯುತ್ತಿದ್ದರು. ಬಾಯಲ್ಲಿ ಮಾತ್ರ ಶಿಳ್ಳೆ.

ಲೊರೇನ್ ಸ್ವಲ್ಪ ಹೊತ್ತು ನೋಡಿ ಎದ್ದಳು. "ಇದು ಉಪಯೋಗಕ್ಕೆ ಬರಲ್ಲ, ಆಂಟಿ. ವೃದ್ಧಾಶ್ರಮಕ್ಕೆ ಹೋಗಿ ಯಾರನ್ನಾದ್ರೂ ನೋಡ್ಕೊಂಡ್ ಬರ್ತೀನಿ."

ಹೋಗುವಾಗ ಹೂವನ್ನೂ ತೆಗೆದುಕೊಂಡು ಹೋದಳು.

ಗೇಟಿನ ಚಿಲಕದ ಸದ್ದು ಕೇಳುವವರೆಗೂ ನೆಟ್ಟಗೇ ನಿಂತಿದ್ದೆ. ಕುರ್ಚಿ ಅಲ್ಲೇ ಇತ್ತು. ಆದರೆ ಅದಕ್ಕಿಂತ ನೆಲವೇ ಹತ್ತಿರ ಅನ್ನಿಸಿತು.