ದೈವ ಬಡಿದ ರೊಟ್ಟಿ

ತಲೆ ಮತ್ತೆ ಎಡಕ್ಕೆ ವಾಲಿತು. ಪಕ್ಕದ ಮನೆಯ ಇಂದ್ರಮ್ಮ ಎರಡೂ ಕೈಯಲ್ಲಿ ಹಿಡಿದು ನೆಟ್ಟಗೆ ಮಾಡಿದಳು. ಗಿರಿಜವ್ವನ ಹೆಣವನ್ನು ಮಣೆಯ ಮೇಲೆ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಗೂ ಕತ್ತಿಗೂ ವಿಭೂತಿ ಬಳಿದಾಗಿತ್ತು. ಹೊರಗೆ, ರಾಜಾಜಿನಗರದ ಆ ಇಕ್ಕಟ್ಟಿನ ಅಡ್ಡರಸ್ತೆಯಲ್ಲಿ, ಕೂರಿಸಿಕೊಂಡು ಒಯ್ಯಲು ಬಿದಿರಿನ ವಿಮಾನ ಕಟ್ಟುತ್ತಿದ್ದರು.

"ಕತ್ತಿನ ಹಿಂದೆ ಏನಾದ್ರೂ ಕೊಡ್ರೇ. ಗಟ್ಟಿಯಾಗಿರೋದು."

"ದಿಂಬು ಕೊಟ್ರೆ ಕುಸಿಯುತ್ತೆ ಇಂದ್ರಮ್ಮ," ಎಂದಳು ಎದುರು ಮನೆಯ ಸೊಸೆ ಪಂಕಜಾ.

ಅಷ್ಟರಲ್ಲಿ ಅಂಬಾಸಡರ್ ಕಾರು ಬಂದು ನಿಂತಿತು. ಸತ್ತವಳ ತಮ್ಮ, ನಿವೃತ್ತ ದೊಡ್ಡ ಅಧಿಕಾರಿ ರೇವಣಸಿದ್ದಪ್ಪನವರು ಇಳಿದರು. ಕಂಕುಳಲ್ಲಿ ತಾವೇ ಬರೆದ ತಮ್ಮ ಆತ್ಮಕಥೆ.

"ಸಾವಿನ ಮನೆಗೂ ಅದನ್ನ ತಂದವ್ರಲ್ಲೇ!" ಎಂದು ಇಂದ್ರಮ್ಮ ಪಂಕಜಾಳ ಕಿವಿಯಲ್ಲಿ ಉಸುರಿದಳು.

"ಹೂವು ತರೋಕೆ ಕೈ ಖಾಲಿ ಇರ್ಲಿಲ್ಲ, ಪಾಪ."

ರೇವಣಸಿದ್ದಪ್ಪನವರು ಅಕ್ಕನ ಮುಖ ನೋಡಿದರು, ಆಮೇಲೆ ಕೈಗಡಿಯಾರ ನೋಡಿದರು. ಗಿರಿಜವ್ವನ ಮಗಳು ರಾಜೇಶ್ವರಿ ಎದ್ದು ಬಂದಳು.

"ಮಾವ, ನಾಲ್ಕು ಮಾತು ಹೇಳ್ರಿ. ಅವ್ವ ನಿಮ್ಮನ್ನ ಹೆಂಗೆ ಸಾಕಿದ್ಲು ಅಂತ. ಹೆಸರು ಹಿಡಿದು ಹೇಳ್ರಿ. ಮಣ್ಣು ಮಾಡೋದ್ರೊಳಗೆ ಅಷ್ಟು ಆಗ್ಲಿ."

"ಹೇಳೋದೇನಮ್ಮ, ಓದೇ ಬಿಡ್ತೀನಿ," ಎಂದು ಅವರು ಕನ್ನಡಕ ಏರಿಸಿದರು.

*

ಆ ಪುಸ್ತಕವನ್ನು ಈ ಹೆಂಗಸರೆಲ್ಲ ಬೇಸಿಗೆಯಲ್ಲೇ ಕೇಳಿ ಮುಗಿಸಿದ್ದರು. ಗುರುವಾರ ಮಧ್ಯಾಹ್ನ ಗಿರಿಜವ್ವನ ಜಗಲಿಯಲ್ಲಿ ಕೂತು ರೇಷನ್ ಅಕ್ಕಿಯ ಕಲ್ಲು ಆರಿಸುವುದು, ಪಂಕಜಾ ಗಟ್ಟಿಯಾಗಿ ಓದುವುದು. ಗಿರಿಜವ್ವನಿಗೆ ಅಕ್ಷರ ಬಾರದು. ತಾಯಿ ಸತ್ತ ವರ್ಷ ದಾವಣಗೆರೆಯ ಖಾನಾವಳಿಯೊಂದರಲ್ಲಿ ರೊಟ್ಟಿ ಬಡಿಯಲು ಕೂತ ಹುಡುಗಿ, ತಮ್ಮ ಓದಿ ಕೆಲಸಕ್ಕೆ ಸೇರುವವರೆಗೆ ಆ ಒಲೆಯ ಮುಂದಿನಿಂದ ಎದ್ದಿರಲಿಲ್ಲ.

ಒಂದೊಂದು ಅಧ್ಯಾಯ ಮುಗಿದಾಗಲೂ ಕೇಳುತ್ತಿದ್ದಳು: "ನನ್ನ ಹೆಸರು ಬಂತೇನವ್ವಾ?"

"ಇನ್ನೂ ಇಲ್ಲ ಗಿರಿಜವ್ವ. ಬೀದಿ ದೀಪ ಬಂತು. ಹರಿದ ಚಡ್ಡಿ ಬಂತು. ಬೀದಿ ನಾಯೀನೂ ಬಂತು."

"ನಾಯಿಗೆ ಹೆಸರೈತೇನು?"

"ಇದೆ. ಮೋತಿ."

ನಕ್ಕೂ ನಕ್ಕೂ ಇಂದ್ರಮ್ಮನ ಮೊರದ ಅಕ್ಕಿ ಚೆಲ್ಲಿತು. ಪಂಕಜಾ ಮುಂದೆ ಓದಿದಳು: "ನನಗೆ ಯಾರೂ ಇರಲಿಲ್ಲ. ಆದರೂ ದಿನವೂ ನನ್ನ ಶಾಲೆಯ ಚೀಲದಲ್ಲಿ ಎರಡು ರೊಟ್ಟಿಗಳಿರುತ್ತಿದ್ದವು. ಅದು ದೈವಕೃಪೆ."

"ದೈವ ರೊಟ್ಟಿ ಬಡೀತಿತ್ತಂತಾ?" ಎಂದಳು ಇಂದ್ರಮ್ಮ. "ಹಿಟ್ಟು ಯಾರು ನಾದ್ತಿದ್ರಂತೆ, ದೇವತೆಗಳಾ?"

ಗಿರಿಜವ್ವ ಸುಟ್ಟೂ ಸುಟ್ಟೂ ಜಡ್ಡುಗಟ್ಟಿದ ಬೆರಳ ತುದಿಗಳನ್ನು ನೋಡಿಕೊಂಡಳು.

"ಬಡೀತಿತ್ತವ್ವಾ. ಕೈ ಸುಟ್ಕಂತಿತ್ತು." ನಗೆ ಅಡಗಿದ ಮೇಲೆ ಮೆಲ್ಲಗೆ, "ಮುಂದಕ್ಕೆ ಓದು. ಕಡೇ ಪುಟದಾಗೆ ಇದ್ದೀತು," ಎಂದಳು.

ಕಡೆಯ ಪುಟದಲ್ಲಿ ಹಾರ ಹಾಕಿಕೊಂಡ ರೇವಣಸಿದ್ದಪ್ಪನವರ ಫೋಟೋ ಇತ್ತು.

*

"ನನಗೆ ಯಾರೂ ಇರಲಿಲ್ಲ," ಎಂದು ಓದಿ ರೇವಣಸಿದ್ದಪ್ಪನವರು ತುಸು ನಿಲ್ಲಿಸಿದರು. ಸಭೆಗಳಲ್ಲಿ ಚಪ್ಪಾಳೆ ಬೀಳುವ ಜಾಗ ಅದು. ಇಲ್ಲಿ ಗಿರಿಜವ್ವನ ತಲೆ ವಾಲಿತು.

ಇಂದ್ರಮ್ಮ ಎದ್ದಳು. ಅವರ ಕೈಯಿಂದ ಪುಸ್ತಕ ತೆಗೆದುಕೊಂಡು, ಮುಚ್ಚಿ, ಗಿರಿಜವ್ವನ ಕತ್ತಿಗೂ ಗೋಡೆಗೂ ನಡುವೆ ತುರುಕಿದಳು. ತಲೆ ನೆಟ್ಟಗೆ ನಿಂತಿತು.

"ಗಟ್ಟಿ ಪುಸ್ತಕ ಸಾರ್ ನಿಮ್ದು. ಈಗ ಬಾಯಲ್ಲೇ ಹೇಳಿ. ಅಕ್ಕನ ಹೆಸರು ಹೇಳಿದ್ರೆ ಸಾಕು."

ಅವರು ಬಾಯಿ ತೆರೆದರು. ರಾಜೇಶ್ವರಿ ಕಾದಳು. ಮಂತ್ರ ಹೇಳುತ್ತಿದ್ದ ಅಯ್ಯನವರೂ ನಿಲ್ಲಿಸಿದರು.

"ಅಲ್ಲಮ್ಮ, ಆ ಪ್ರತಿ... ಸಂಜೆ ಸನ್ಮಾನಕ್ಕೆ ಬೇಕಾಗಿತ್ತು."

"ಎತ್ರಪ್ಪಾ, ಹೊತ್ತಾಯ್ತು," ಎಂದರು ಅಯ್ಯನವರು.

ನಾಲ್ವರು ಗಿರಿಜವ್ವನನ್ನು ಮಣೆಸಮೇತ ಎತ್ತಿದರು. ಪುಸ್ತಕ ಜಾರಿ ನೆಲಕ್ಕೆ ಬಿತ್ತು. ರೇವಣಸಿದ್ದಪ್ಪನವರು ತಟ್ಟನೆ ಬಗ್ಗಿದರು. ಅಕ್ಕನ ಪಾದ ಮುಟ್ಟುತ್ತಾರೆಂದು ರಾಜೇಶ್ವರಿ ಸರಿದು ಜಾಗ ಬಿಟ್ಟಳು. ಅವರು ಪುಸ್ತಕವನ್ನೆತ್ತಿಕೊಂಡು, ಜೇಬಿನಿಂದ ಕರ್ಚೀಫು ತೆಗೆದು, ರಟ್ಟಿಗೆ ಮೆತ್ತಿದ್ದ ವಿಭೂತಿಯನ್ನು ಒರೆಸತೊಡಗಿದರು.