ನೀರು-ಬೆಲ್ಲ

ಕಟ್ಟೆಯ ನೀರಿನಲ್ಲಿ ಎಮ್ಮೆ ಎದ್ದುಹೋದ ಜಾಗದಲ್ಲೇ ಹಾಲಮ್ಮ ಹಿತ್ತಾಳೆ ಚೊಂಬನ್ನು ಮುಳುಗಿಸಿದಳು.

"ಅತ್ತ ಕಡೆ ತಿಳಿ ಐತೆ ಕಣಕ್ಕಾ," ಎಂದಳು ಪಕ್ಕದ ಮನೆಯ ಅಂಜಿನಮ್ಮ.

"ನಾವು ದಿನಾ ಕುಡಿಯೋದು ಇದನ್ನೇ ತಾನೆ? ನಮಗೊಂದು, ಸಾಹೇಬ್ರಿಗೊಂದು ಮಾಡಿದ್ರೆ ಪಂಕ್ತಿಭೇದ ಆಗಲ್ವೇನೇ?"

ಎಂಬತ್ತಮೂರರ ಬೇಸಿಗೆ. ಹಿರೇನಲ್ಲೂರು ಕಡೆಯ ಈ ಹಟ್ಟಿಗೆ ಸರ್ಕಾರ ಒಂದು ಬೋರಿಂಗ್ ಮಂಜೂರು ಮಾಡಿತ್ತು. ಹಟ್ಟಿಗೆಂದು ಹೊರಟ ಬೋರಿಂಗ್ ದಾರಿಯಲ್ಲಿ ದಣಿದು, ಪಂಚಾಯ್ತಿ ಚೇರ್ಮನ್ ಶಿವಮೂರ್ತಪ್ಪನವರ ಹಿತ್ತಲಲ್ಲೇ ಕಾಲೂರಿಬಿಟ್ಟಿತು. ಪಂಪಿನ ಬುಡದ ಸಿಮೆಂಟಿನಲ್ಲಿ 'ಸಾರ್ವಜನಿಕ' ಎಂದು ಬರೆಸಿದ್ದರು. ಸಾರೆಲ್ಲ ಚೇರ್ಮನ್ನರಿಗೆ, ಜನವೆಲ್ಲ ಕಟ್ಟೆಗೆ. ಹಿತ್ತಲಿಗೆ ಕಬ್ಬಿಣದ ಗೇಟು, ಗೇಟಿಗೆ ಬೀಗ.

ಹೋದ ತಿಂಗಳು ಹಾಲಮ್ಮನ ಮೊಮ್ಮಗಳು ವಾಂತಿಭೇದಿಯಾಗಿ, ಹಿಂಡಿದ ಬಟ್ಟೆಯ ಹಾಗಾಗಿದ್ದಳು. ಮಗುವನ್ನು ಗಾಡಿಯಲ್ಲಿ ಹಾಕಿಕೊಂಡು ಕಡೂರಿಗೆ ಓಡಿದಾಗ ಡಾಕ್ಟರು ಕೇಳಿದ್ದು ಒಂದೇ ಮಾತು: "ಯಾವ ನೀರು ಕುಡಿಸ್ತೀರಮ್ಮಾ?" ಮಗು ಉಳಿಯಿತು. ವಾಪಸು ಬಂದ ದಿನವೇ ಹಾಲಮ್ಮ ಕೊಡ ಹಿಡಿದು ಗೇಟಿನ ಮುಂದೆ ನಿಂತಳು. ಚೇರ್ಮನ್ನರ ಹೆಂಡತಿ ಈಶ್ವರಮ್ಮ ಒಳಗಿಂದಲೇ ಹೇಳಿದ್ದಳು:

"ಎಮ್ಮೆ ಕುಡೀಲಿ, ಆಮೇಲೆ ಬಾರೇ. ನಿಂಗಾದ್ರೆ ಬಾಯೈತೆ, ಎಲ್ಲಾದ್ರೂ ಕೇಳಿ ತಗೋತೀಯ. ಅವು ಬಾಯಿಲ್ಲದ ಪ್ರಾಣಿ."

ಎಮ್ಮೆ ಕುಡಿದಾಯಿತು, ಮಿಂದಾಯಿತು. ಗೇಟು ತೆರೆಯಲಿಲ್ಲ.

ಈಗ ತಾಲ್ಲೂಕಿನಿಂದ ಸಾಹೇಬರು ಬೋರಿಂಗ್ ನೋಡಲು ಬರುತ್ತಾರೆಂದು ಚೇರ್ಮನ್ನರಿಗೆ ಹಟ್ಟಿಯ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತ್ತು. "ಲೇ ಹಾಲೀ, ನಾಳೆ ಗೇಟು ತೆಗೆದಿರ್ತದೆ. ನೀವೆಲ್ಲ ಕೊಡ ಹಿಡ್ಕಂಡು ಒಸಿ ನಗ್ತಾ ನಿಂತ್ಕಳ್ರಿ. ಸಾಹೇಬ್ರಿಗೆ ನೀರು-ಬೆಲ್ಲ ನೀನೇ ಕೊಡು," ಎಂದಿದ್ದರು. ಯಾವ ನೀರು ಎಂದು ಹೇಳಲು ಮಾತ್ರ ಮರೆತಿದ್ದರು.

ಜೀಪು ಬಂತು. ಸಾಹೇಬರು ಲಕ್ಷ್ಮೀಪತಿಯವರು ಬೆವರು ಒರೆಸಿಕೊಳ್ಳುತ್ತ ಹಿತ್ತಲಿನ ಕುರ್ಚಿಯಲ್ಲಿ ಕುಳಿತರು. ಹಾಲಮ್ಮ ಮುಂದೆ ಬಂದು ತಟ್ಟೆ ಹಿಡಿದಳು. ಅವರು ಬೆಲ್ಲದ ಚೂರನ್ನು ಬಾಯಿಗೆ ಹಾಕಿಕೊಂಡು ಚೊಂಬೆತ್ತಿದರು. ತುಟಿಯ ಹತ್ತಿರ ತಂದವರು ಅಲ್ಲೇ ನಿಲ್ಲಿಸಿದರು. ಮಣ್ಣು ಬಣ್ಣದ ನೀರಿನಲ್ಲಿ ಒಂದು ಹುಳ ಕುಣಿಯುತ್ತಿತ್ತು.

"ಏನಮ್ಮಾ ಇದು? ಪಂಪಿನ ನೀರಾ?" ಬೆಲ್ಲ ಇನ್ನೂ ದವಡೆಯಲ್ಲೇ ಇತ್ತು.

"ಪಂಪಿನ ನೀರು ಎಮ್ಮೆಗೆ ಸ್ವಾಮಿ. ಎಮ್ಮೆ ಬಿದ್ದು ಏಳೋ ನೀರು ನಮಗೆ."

"ಸಾರ್, ಇವಳಿಗೆ ತಲೆ ನೆಟ್ಟಗಿಲ್ಲ!" ಚೇರ್ಮನ್ನರು ಎದ್ದೇಬಿಟ್ಟರು. "ಗೇಟು ಯಾವಾಗ್ಲೂ ತೆಗೆದೇ ಇರ್ತದೆ."

"ಹಂಗಾದ್ರೆ ಈ ಬೀಗ ಯಾಕೆ ನೇತಾಡ್ತೈತೆ ಯಜಮಾನ್ರೇ? ಗೇಟಿಗೆ ದೃಷ್ಟಿ ಆಗದಿರ್ಲಿ ಅಂತಾನಾ?"

ಹೆಂಗಸರ ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಹಾಲಮ್ಮ ನಗಲಿಲ್ಲ. ಸಾಹೇಬರ ಮುಂದೆ ಅವಳು ಬಾಯಿ ತೆರೆದದ್ದು ಹುಟ್ಟಿದ ಮೇಲೆ ಇದೇ ಮೊದಲು. ಚೊಂಬಿನತ್ತ ಕೈ ತೋರಿಸಿದಳು.

"ಕುಡೀರಿ ಸ್ವಾಮಿ. ಬೆಲ್ಲ ತಿಂದು ನೀರು ಬಿಡಬಾರ್ದು. ನನ್ನ ಮೊಮ್ಮಗಳು ಇದನ್ನೇ ಕುಡಿದಿದ್ದು."

ಸಾಹೇಬರು ಚೊಂಬನ್ನು ಮೆಲ್ಲಗೆ ಚೇರ್ಮನ್ನರ ಕೈಗೆ ದಾಟಿಸಿದರು. "ನಿಮ್ಮೂರಿನ ನೀರು. ಮೊದಲು ನೀವು."

ಚೇರ್ಮನ್ನರು ಕುಡಿಯಲಿಲ್ಲ, ಕೆಳಗೂ ಇಡಲಿಲ್ಲ. ಹಾಲಮ್ಮ ಹೋಗಿ ಗೇಟಿನ ಬೀಗವನ್ನು ಕಳಚಿ ತಂದು, ಅವರು ಹಿಡಿದಿದ್ದ ಚೊಂಬಿನೊಳಗೆ ಬಿಟ್ಟಳು. ಗುಳುಂ ಎಂದಿತು. ರಾಡಿ ಸಿಡಿದು ಚೇರ್ಮನ್ನರ ಬಿಳಿ ಶರಟಿನ ಮೇಲೆ ಕುಳಿತಿತು.

"ನೋಡೋಣಮ್ಮಾ, ಆಫೀಸಿಗೆ ಹೋಗಿ ವಿಚಾರ ಮಾಡ್ತೀನಿ," ಎನ್ನುತ್ತ ಸಾಹೇಬರು ಎದ್ದರು.

"ನೀವು ಅಲ್ಲಿ ವಿಚಾರ ಮಾಡ್ರಿ ಸ್ವಾಮಿ. ನಾವು ಇಲ್ಲೇ ಕೂತಿರ್ತೀವಿ."

ಜೀಪು ಧೂಳೆಬ್ಬಿಸಿ ಹೋಯಿತು. "ಜೀಪು ಹೋಯ್ತಲ್ಲ, ಇನ್ನು ನೀವೂ ಹೊರಡ್ರೇ!" ಎಂದು ಚೇರ್ಮನ್ನರು ಗುಡುಗಿದರು. ಹೆಂಗಸರು ಪಂಪಿನ ಸುತ್ತ ಸೆರಗು ಹರವಿಕೊಂಡು ಕುಳಿತರು. ಅಂಜಿನಮ್ಮ ಎಲೆ ಅಡಿಕೆ ಬಿಚ್ಚಿದಳು.

"ಹಿಂಗೇ ಕೂತ್ರೆ ಅಡುಗೆ ಯಾರು ಮಾಡ್ತಾರಕ್ಕಾ?"

"ಹಸಿವಾದ್ರೆ ಗಂಡಸ್ರೂ ಇಲ್ಲಿಗೇ ಬತ್ತಾರೆ ಬಿಡೇ."

ಸಂಜೆ ದನ ಹಿಂತಿರುಗುವ ಹೊತ್ತಿಗೆ ಪಂಪಿನ ಕೈ ಒಂದೇ ಸಮ ಕಿರುಗುಟ್ಟುತ್ತಿತ್ತು. ಹಾಲಮ್ಮ ಜಗ್ಗುತ್ತಿದ್ದಳು. ಕೊಡದ ಹಿಂದೆ ಕೊಡ, ಗೇಟಿನವರೆಗೂ ಸಾಲು. ಈಶ್ವರಮ್ಮ ಬಾಗಿಲಿಗೆ ಬಂದಳು, ಸಾಲನ್ನು ನೋಡಿ ಒಳಗೆ ಹೋದಳು.

ಸಾಲಿನ ಕೊನೆಯಲ್ಲಿ, ಗೇಟಿನಾಚೆ, ಚೇರ್ಮನ್ನರ ಎಮ್ಮೆಗಳು ಮೆಲುಕು ಹಾಕುತ್ತ ನಿಂತಿದ್ದವು.